ಬರೆಯೋದು ಒಬ್ಬಳು, ಹೆಸರು ಐವರದು!

ಕೆ.ಆರ್. ಪುರದಲ್ಲಿ ಮೆಟ್ರೋ ಹತ್ತಿ ಇಂದಿರಾನಗರದ ಕಡೆ ಕಾಲೇಜಿಗೆ ಹೋಗುವ ಮಗಳು ಸಂಜೆ ಬಂದವಳೇ 'ಆ ಗ್ರೂಪ್ ಜೊತೆ ಇನ್ನು ಕೆಲಸ ಮಾಡಲ್ಲಮ್ಮ' ಎಂದು ಮುಖ ಊದಿಸಿಕೊಳ್ತಾಳಾ? 'ಹೊಂದ್ಕೊಂಡು ಹೋಗೇ' ಅನ್ನಬೇಡಿ. ನಾವೆಲ್ಲ ಕೇಳಿ ಕೇಳಿ ಸಾಕಾದ ಮಾತದು!

ಸಾಮಾನ್ಯವಾಗಿ ನಡೆಯೋದಿಷ್ಟು. ಐವರಿಗೆ ಸೇರಿ ಒಂದು ಅಸೈನ್‌ಮೆಂಟ್. ರಾತ್ರಿ ಕೂತು ಬರೆಯುವವಳು ಇವಳು. ಕ್ಲಾಸಿನಲ್ಲಿ ಎದ್ದುನಿಂತು ಪಟಪಟ ಇಂಗ್ಲಿಷಿನಲ್ಲಿ ಒಪ್ಪಿಸುವವಳು ಇನ್ನೊಬ್ಬಳು. ಲೆಕ್ಚರರ್ ಕಣ್ಣಿಗೆ ಬೀಳುವುದು ಮಾತಾಡಿದವಳೇ. ಕನ್ನಡ ಮಾಧ್ಯಮದಿಂದ ಬಂದ ಹುಡುಗಿಯರಂತೂ 'ಬರೆದುಕೊಟ್ಟರೆ ಸಾಕು' ಎಂದು ಎಷ್ಟೋ ಸಲ ತಾವೇ ಹಿಂದೆ ಸರಿಯುತ್ತಾರೆ.

ಗೆಳತಿಯರ ಅಮ್ಮಂದಿರಿಗೆ ಫೋನ್ ಮಾಡಲು ಹೋಗಬೇಡಿ, ಮಗಳು ನಗೆಪಾಟಲಿಗೆ ಈಡಾಗ್ತಾಳೆ. ಯಾರು ಯಾವ ಭಾಗ ಮಾಡ್ತಾರೆ ಅಂತ ಮೊದಲ ದಿನವೇ ಹಾಳೆಯಲ್ಲಿ ಬರೆದು ಲೆಕ್ಚರರ್‌ಗೆ ತೋರಿಸಲಿ. ಅಂಕ ಬಂದ ಮೇಲೆ ದೂರಿದರೆ ಹೊಟ್ಟೆಕಿಚ್ಚಿನಂತೆ ಕೇಳುತ್ತೆ. ತನ್ನ ಭಾಗವನ್ನು, ಎರಡೇ ನಿಮಿಷವಾದರೂ, ತಾನೇ ಹೇಳಲಿ. ನೀವು ಸೊಪ್ಪು ಬಿಡಿಸುವಾಗ ಎದುರು ನಿಂತು ಅಭ್ಯಾಸ ಮಾಡಬಹುದು; ವಿಷಯ ಅರ್ಥವಾಗದಿದ್ದರೂ ತಡವರಿಸಿದ್ದು ನಿಮಗೆ ಗೊತ್ತಾಗುತ್ತಲ್ಲ.

ಆಂತರಿಕ ಅಂಕದಲ್ಲಿ ನಿಜಕ್ಕೂ ಅನ್ಯಾಯವಾಗಿದ್ದರೆ? ಯುಜಿಸಿಯ 2023ರ ನಿಯಮದಂತೆ ಕಾಲೇಜಿನಲ್ಲಿ ವಿದ್ಯಾರ್ಥಿ ಕುಂದುಕೊರತೆ ನಿವಾರಣಾ ಸಮಿತಿ ಇರಬೇಕು. ಅದರಲ್ಲಿ ಒಬ್ಬ ಮಹಿಳೆಯಾದರೂ ಇರಲೇಬೇಕು. ದೂರು ಬಂದ 15 ಕೆಲಸದ ದಿನಗಳೊಳಗೆ ಸಮಿತಿ ವರದಿ ಕೊಡಬೇಕು. ಅದೂ ಸರಿಬರದಿದ್ದರೆ ವಿಶ್ವವಿದ್ಯಾಲಯದ ಒಂಬುಡ್ಸ್‌ಪರ್ಸನ್‌ಗೆ ಮೇಲ್ಮನವಿ ಸಲ್ಲಿಸಬಹುದು. ಅರ್ಜಿಯನ್ನು ಮಗಳೇ ಬರೆಯಲಿ. ಮೊದಲ ದಿನದ ಆ ಹಾಳೆಯ ಜೆರಾಕ್ಸ್ ಜೊತೆಗಿರಲಿ.