ಎಣ್ಣೆಯ ಆಯುಷ್ಯಕ್ಕೆ ಅವಸರದ ಪರೀಕ್ಷೆ

ಡಬ್ಬಿಯಲ್ಲಿಟ್ಟ ಅಡುಗೆ ಎಣ್ಣೆ ಬಹಳ ಕಾಲ ಚೆನ್ನಾಗಿಯೇ ಇದ್ದು, ಆಮೇಲೆ ಬೇಗಬೇಗನೆ ಕಮಟು ಹಿಡಿಯುತ್ತದೆ. ಇದಕ್ಕೆ ಕಾರಣ ಗಾಳಿಯ ಆಮ್ಲಜನಕ. ಎಣ್ಣೆಯ ಒಂದು ಅಣು ಹೈಡ್ರೋಜನ್ ಕಳೆದುಕೊಂಡು ಮುಕ್ತ ರ‍್ಯಾಡಿಕಲ್ ಆದರೆ, ಆಮ್ಲಜನಕದೊಡನೆ ಕೂಡಿ ಪಕ್ಕದ ಅಣುವಿನಿಂದ ಹೈಡ್ರೋಜನ್ ಕಸಿಯುತ್ತದೆ. ಹೀಗೆ ಸರಪಳಿ ಬೆಳೆಯುತ್ತದೆ. ಇ ಜೀವಸತ್ವ, ಎಳ್ಳೆಣ್ಣೆಯ ಸೆಸಮಾಲ್‌ನಂಥ ಉತ್ಕರ್ಷಣ ನಿರೋಧಕಗಳು ತಮ್ಮದೇ ಹೈಡ್ರೋಜನ್ ಕೊಟ್ಟು ಸರಪಳಿಯನ್ನು ತುಂಡರಿಸುತ್ತವೆ. ಅವು ಮುಗಿಯುವವರೆಗಿನ ಕಾಲವೇ ಎಣ್ಣೆಯ ತಡೆ ಅವಧಿ.

ಈ ಅವಧಿಯನ್ನು ಅಳೆಯಲು ಹಿಂದೆ ಎಣ್ಣೆಯನ್ನು ಸುಮಾರು 60 ಡಿಗ್ರಿ ಸೆಲ್ಸಿಯಸ್‌ನ ಒಲೆಪೆಟ್ಟಿಗೆಯಲ್ಲಿಟ್ಟು ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ಕಾಯುತ್ತಿದ್ದರು. 1974ರಲ್ಲಿ ಸ್ವಿಟ್ಜರ್ಲೆಂಡಿನ ಹಾಡೋರ್ನ್ ಮತ್ತು ಜ್ಯೂರ್ಷರ್ ವಿವರಿಸಿದ ವಿಧಾನ ಈ ಕಾಯುವಿಕೆಯನ್ನು ಗಂಟೆಗಳಿಗೆ ಇಳಿಸಿತು. ಅದರಿಂದ ಬಂದ ಉಪಕರಣವೇ ರ‍್ಯಾನ್ಸಿಮ್ಯಾಟ್. ಸುಮಾರು 110 ಡಿಗ್ರಿಗೆ ಕಾಯಿಸಿದ ಎಣ್ಣೆಯೊಳಗೆ ಗಾಳಿ ಹಾಯಿಸಿದಾಗ, ಕೆಡುವ ಎಣ್ಣೆಯಿಂದ ಫಾರ್ಮಿಕ್ ಆಮ್ಲದಂಥ ಆವಿಯಾಗುವ ವಸ್ತುಗಳು ಹೊರಟು ಪಕ್ಕದ ಶುದ್ಧ ನೀರಿಗೆ ಸೇರುತ್ತವೆ. ನೀರಿನ ವಿದ್ಯುತ್ ವಾಹಕತೆ ಥಟ್ಟನೆ ಏರಿದ ಗಳಿಗೆಗೆ ತಡೆ ಅವಧಿ ಮುಗಿಯಿತೆಂದು ಲೆಕ್ಕ.

ಆದರೆ ಈ ಬಿಸಿಯಲ್ಲಿ ಬಿಎಚ್‌ಎ, ಬಿಎಚ್‌ಟಿಯಂಥ ನಿರೋಧಕಗಳು ಗಾಳಿಯೊಡನೆ ಹಾರಿಹೋಗುವುದರಿಂದ ಅವುಗಳ ನಿಜವಾದ ಶಕ್ತಿ ಕಡಿಮೆಯೆಂದು ಕಾಣಬಹುದು.

ಇನ್ನೂ ಬೇಗ ಮುಗಿಯುವುದು ಡಿಪಿಪಿಎಚ್ ಪರೀಕ್ಷೆ. ನೇರಳೆ ಬಣ್ಣದ ಈ ಸ್ಥಿರ ರ‍್ಯಾಡಿಕಲ್ ನಿರೋಧಕದಿಂದ ಹೈಡ್ರೋಜನ್ ಪಡೆದು ಹಳದಿಯಾಗುತ್ತದೆ. 517 ನ್ಯಾನೋಮೀಟರ್ ಬೆಳಕಿನಲ್ಲಿ ಅಳೆದರೆ ಅರ್ಧ ಗಂಟೆಯಲ್ಲಿ ಫಲಿತಾಂಶ ಸಿಗುತ್ತದೆ. ಕೊರತೆಯೆಂದರೆ ಇದರಲ್ಲಿ ಕೊಬ್ಬೇ ಇಲ್ಲ. ನಿರೋಧಕದ ಕೆಲಸ ಅದು ಎಲ್ಲಿ ನೆಲೆಸುತ್ತದೆ ಎಂಬುದನ್ನೂ ಅವಲಂಬಿಸಿದೆ: ಬರೀ ಎಣ್ಣೆಯಲ್ಲಿ ಗೆದ್ದದ್ದು ಹಾಲಿನಂತೆ ನೀರು-ಕೊಬ್ಬು ಬೆರೆತ ಮಿಶ್ರಣದಲ್ಲಿ ಸೋಲಬಹುದು.

ಈ ಕೊರತೆ ನೀಗಿಸಲು 2008ರಲ್ಲಿ ಫ್ರಾನ್ಸಿನ ಸಂಶೋಧಕರು ಟಂಗ್ ಎಣ್ಣೆಯನ್ನು ಬಳಸಿದರು. ಅದರ ಕೊಬ್ಬಿನಾಮ್ಲ 273 ನ್ಯಾನೋಮೀಟರ್‌ನ ನೇರಳಾತೀತ ಕಿರಣವನ್ನು ಹೀರುತ್ತದೆ; ಕೆಟ್ಟಂತೆ ಆ ಗುಣ ಕುಂದುತ್ತದೆ. 96 ಕುಳಿಗಳ ತಟ್ಟೆಯಲ್ಲಿ ಎಣ್ಣೆ-ನೀರಿನ ಮಿಶ್ರಣವಿಟ್ಟು ಒಂದೇ ಬಾರಿಗೆ ಹಲವು ಮಾದರಿಗಳನ್ನು ಹೋಲಿಸಬಹುದು. ಕೊಬ್ಬೇ ಸಾಕ್ಷಿ ನುಡಿಯುವುದರಿಂದ ಈ ದಾರಿ ಹೆಚ್ಚು ನಂಬಲರ್ಹ.

ವೇಗದ ಪರೀಕ್ಷೆ ಒಳ್ಳೆಯ ನಿರೋಧಕವನ್ನು ಆರಿಸಲು ನೆರವಾಗುತ್ತದೆ, ಆದರೆ ಎಣ್ಣೆಯ ಬಾಳಿಕೆಯನ್ನು ಕೋಣೆಯ ಉಷ್ಣತೆಯಲ್ಲಿಟ್ಟೇ ಖಚಿತಪಡಿಸಿಕೊಳ್ಳಬೇಕು. ಉತ್ಕರ್ಷಣ ನಿರೋಧಕ ಶಕ್ತಿಯ ಅಂಕಿ ಕಂಡಾಗ ಅದನ್ನು ಯಾವುದರಲ್ಲಿ, ಎಷ್ಟು ಬಿಸಿಯಲ್ಲಿ ಅಳೆದರೆಂದು ಕೇಳಿ.