ಮಗಳಿಗಾಗಿ ಸರ್ವಸ್ವವನ್ನೂ ತೆತ್ತ ಮಾಂತ್ರಿಕ

ಕಥಾಮಾಲೆಯ ನಾಯಕನಿಗೆ ಒಂದು ಅಭಯವುಂಟು. ಈ ಕಂತಿನಲ್ಲಿ ಆತ ಬೆಂಕಿಗೆ ಬೀಳಲಿ, ನೀರಿಗೆ ಬೀಳಲಿ, ಮುಂದಿನದರಲ್ಲಿ ಎದ್ದು ಬಂದೇ ಬರುವನೆಂಬುದನ್ನು ಓದುಗರು ಬಲ್ಲರು. ಗಾಯ ಮಾಯುತ್ತದೆ, ಹಳೆಯ ಮನೆ, ಹಳೆಯ ಕುರ್ಚಿ ಅದೇ ಜಾಗದಲ್ಲಿ ಅವನಿಗಾಗಿ ಕಾದಿರುತ್ತವೆ. ಹತ್ತು ವರ್ಷಗಳ ಕಾಲ ಕೊಟ್ಟ ಈ ಅಭಯವನ್ನು ಲೇಖಕನೇ ಒಂದು ದಿನ ಹಿಂದಕ್ಕೆ ಪಡೆದರೆ ಏನಾದೀತು? 2010ರ ಏಪ್ರಿಲ್ ತಿಂಗಳಲ್ಲಿ ಅಮೆರಿಕದ ಕಾದಂಬರಿಕಾರ ಜಿಮ್ ಬುಚರ್ ಮಾಡಿದ್ದು ಅದನ್ನೇ. ‘ಡ್ರೆಸ್ಡನ್ ಫೈಲ್ಸ್’ ಮಾಲೆಯ 12ನೆಯ ಸಂಪುಟವಾದ ‘ಚೇಂಜಸ್’, ಅಂದರೆ ‘ಬದಲಾವಣೆಗಳು’, ಆಗ ಹೊರಬಂದಿತು.

ಈ ಮಾಲೆಯ ಹುಟ್ಟೂ ಸ್ವಾರಸ್ಯಕರವಾದುದು. 1971ರಲ್ಲಿ ಜನಿಸಿದ ಬುಚರ್ ಓಕ್ಲಹೋಮಾ ವಿಶ್ವವಿದ್ಯಾನಿಲಯದಲ್ಲಿ ಬರವಣಿಗೆಯ ವಿದ್ಯಾರ್ಥಿಯಾಗಿದ್ದರು. ಗುರು ಡೆಬೊರಾ ಚೆಸ್ಟರ್ ಅವರ ನಿಯಮಗಳಲ್ಲಿ ಶಿಷ್ಯನಿಗೆ ನಂಬಿಕೆಯಿರಲಿಲ್ಲ. ಅವನ್ನೆಲ್ಲ ಪಾಲಿಸಿದರೆ ಎಂಥ ನಿರ್ಜೀವ ಕಥೆಯಾಗುತ್ತದೆಂದು ತೋರಿಸುವ ಹಟದಿಂದ ಬರೆಯಲು ಕುಳಿತರು. ಹಾಗೆ ಹುಟ್ಟಿದ ‘ಸ್ಟಾರ್ಮ್ ಫ್ರಂಟ್’ 2000ದಲ್ಲಿ ಪ್ರಕಟವಾಗಿ, ಗುರುವಿನ ಮಾತನ್ನೇ ಗೆಲ್ಲಿಸಿತು.

ಮಾಂತ್ರಿಕರ ಕಥೆಗೆ ದೂರದ ಕೋಟೆಯೋ ಗೊಂಡಾರಣ್ಯವೋ ಬೇಕೆಂಬುದು ಹಳೆಯ ಪದ್ಧತಿ. ಬುಚರ್ ತಮ್ಮ ಮಾಂತ್ರಿಕನನ್ನು ಇಂದಿನ ಷಿಕಾಗೋ ನಗರದಲ್ಲಿ ಬಾಡಿಗೆಗೆ ಇರಿಸಿದರು. ಹ್ಯಾರಿ ಡ್ರೆಸ್ಡನ್ ಪತ್ತೇದಾರಿ ವೃತ್ತಿಯವನು. ಟೆಲಿಫೋನ್ ಡೈರೆಕ್ಟರಿಯಲ್ಲಿ ‘ಮಾಂತ್ರಿಕರು’ ಎಂಬ ಶೀರ್ಷಿಕೆಯ ಕೆಳಗೆ ಆತನದೊಂದೇ ಹೆಸರು. ಮಂತ್ರಶಕ್ತಿಯಿರುವವನ ಬಳಿ ಆಧುನಿಕ ಯಂತ್ರಗಳು ಕೆಟ್ಟುಹೋಗುವುದರಿಂದ ಅವನ ನೆಲಮಾಳಿಗೆಯ ಮನೆಗೆ ಮೋಂಬತ್ತಿಯೇ ಬೆಳಕು, ಸವಾರಿಗೆ ಒಂದು ಹಳೆಯ ಫೋಕ್ಸ್‌ವ್ಯಾಗನ್ ಬೀಟಲ್ ಕಾರು. ಪಿಶಾಚಿಗಳೊಡನೆ ಹೋರಾಡಿ ಬಂದವನಿಗೂ ಬಾಡಿಗೆಯ ಚಿಂತೆ ತಪ್ಪಿದ್ದಲ್ಲ. ಓದುಗರಿಗೆ ಆತ ಅಷ್ಟು ಹತ್ತಿರದವನಾದದ್ದು ಇದರಿಂದಲೇ.

ಮೊದಲ ಹನ್ನೊಂದು ಪುಸ್ತಕಗಳ ಹೆಸರುಗಳಲ್ಲೂ ಎರಡೆರಡು ಪದಗಳು. ಆ ಎರಡು ಪದಗಳಲ್ಲೂ ಇಂಗ್ಲಿಷಿನ ಅಕ್ಷರಗಳ ಸಂಖ್ಯೆ ಒಂದೇ. ಹನ್ನೆರಡನೆಯದಕ್ಕೆ ಮಾತ್ರ ಒಂಟಿ ಪದ. ಕ್ರಮ ತಪ್ಪಿತೆಂಬ ಎಚ್ಚರಿಕೆ ರಕ್ಷಾಪುಟದ ಮೇಲೆಯೇ ಇತ್ತು.

ಟೆಲಿಫೋನಿನಲ್ಲಿ ಬಂದ ಸುದ್ದಿ

ಕಥೆ ಒಂದು ಟೆಲಿಫೋನ್ ಕರೆಯಿಂದ ಆರಂಭವಾಗುತ್ತದೆ. ಕರೆದವಳು ಡ್ರೆಸ್ಡನ್ನನ ಹಿಂದಿನ ಪ್ರೇಯಸಿ ಸೂಸನ್. ಆಕೆ ಪತ್ರಕರ್ತೆ, ಮೂರನೆಯ ಸಂಪುಟದಲ್ಲಿಯೇ ರಕ್ತಪಿಶಾಚಿಗಳ ಕೈಗೆ ಸಿಕ್ಕಿ, ಅರ್ಧ ಮಾತ್ರ ಮನುಷ್ಯಳಾಗಿ ಉಳಿದವಳು. ತಮ್ಮಿಬ್ಬರಿಗೆ ಮಗಳೊಬ್ಬಳಿರುವ ಸಂಗತಿಯನ್ನು ಆಕೆ ಇಷ್ಟು ಕಾಲ ಮುಚ್ಚಿಟ್ಟಿದ್ದಳು. ಅನ್ಯರ ಮನೆಯಲ್ಲಿ ಗುಟ್ಟಾಗಿ ಬೆಳೆಯುತ್ತಿದ್ದ ಆ ಮ್ಯಾಗಿಯನ್ನು ‘ಕೆಂಪು ಆಸ್ಥಾನ’ದ ರಕ್ತಪಿಶಾಚಿಗಳು ಅಪಹರಿಸಿದ್ದಾರೆ. ತನಗೊಂದು ಮಗುವಿದೆಯೆಂಬುದೂ ಅದು ಸಾವಿನ ಬಾಯಲ್ಲಿದೆಯೆಂಬುದೂ ಡ್ರೆಸ್ಡನ್ನನಿಗೆ ಒಟ್ಟಿಗೇ ತಿಳಿಯುತ್ತದೆ.

ಡ್ರೆಸ್ಡನ್ ಸ್ವತಃ ತಬ್ಬಲಿ. ಹುಟ್ಟುವಾಗಲೇ ತಾಯಿಯನ್ನೂ ಎಳೆವಯಸ್ಸಿನಲ್ಲಿ ತಂದೆಯನ್ನೂ ಕಳೆದುಕೊಂಡವನು. ಮಗುವನ್ನು ಒಂದು ಸಲವೂ ಕಾಣದಿದ್ದರೂ ಅದಕ್ಕಾಗಿ ಆತ ಏಕೆ ಇಷ್ಟು ಹಂಬಲಿಸಿದನೆಂಬುದಕ್ಕೆ ಬೇರೆ ವಿವರಣೆ ಬೇಕಿಲ್ಲ.

ಅಲ್ಲಿಂದ ಮುಂದೆ ಲೇಖಕರು ಒಂದೊಂದಾಗಿ ಕಸಿದುಕೊಳ್ಳುತ್ತಾರೆ. ಕಚೇರಿಯ ಕಟ್ಟಡ ಸಿಡಿದುಹೋಗುತ್ತದೆ. ಕಾರು ಜಜ್ಜಿಹೋಗುತ್ತದೆ. ಮನೆಗೆ ಬೆಂಕಿ ಬೀಳುತ್ತದೆ. ಮೇಲಿನ ಅಂತಸ್ತಿನವರನ್ನು ಉಳಿಸಹೋದ ಡ್ರೆಸ್ಡನ್ ಏಣಿಯಿಂದ ಬಿದ್ದು ಬೆನ್ನೆಲುಬು ಮುರಿದುಕೊಳ್ಳುತ್ತಾನೆ. ಕಾಲುಗಳಲ್ಲಿ ಚೈತನ್ಯವಿಲ್ಲದ ತಂದೆ ಮಗಳನ್ನು ಉಳಿಸುವುದೆಂತು? ಹಲವು ಸಂಪುಟಗಳಿಂದ ನಿರಾಕರಿಸುತ್ತಲೇ ಬಂದಿದ್ದ ಚಳಿಗಾಲದ ಯಕ್ಷರಾಣಿ ಮ್ಯಾಬ್‌ಳ ದಾಸ್ಯವನ್ನು ಆತ ಈಗ ಒಪ್ಪುತ್ತಾನೆ. ಮಗಳ ಪ್ರಾಣಕ್ಕೆ ಬದಲಾಗಿ ತನ್ನ ಸ್ವಾತಂತ್ರ್ಯವನ್ನು ತೆತ್ತ ಗಳಿಗೆ ಅದು.

ಕೊನೆಯ ಕದನ ನಡೆಯುವುದು ಮೆಕ್ಸಿಕೋದ ಚಿಚೆನ್ ಇಟ್ಸಾ ಎಂಬ ಪುರಾತನ ಮಾಯಾ ನಗರದಲ್ಲಿ. ಅಲ್ಲಿ ಮಗುವನ್ನು ಬಲಿಗೊಟ್ಟರೆ ಶಾಪ ರಕ್ತಸಂಬಂಧವನ್ನು ಹಿಡಿದು ಮೇಲೇರಿ, ತಂದೆತಾಯಿಗಳನ್ನೂ ಅವರ ಹಿರಿಯರನ್ನೂ ಕೊಲ್ಲುವುದು. ಆದರೆ ಬಲಿಪೀಠದೆದುರು ಸೂಸನ್ ತನ್ನ ಪಕ್ಷದ ದ್ರೋಹಿಯನ್ನು ಕೊಂದು, ಅವನ ರಕ್ತ ಕುಡಿದು ಪೂರ್ಣ ಪಿಶಾಚಿಯಾಗುತ್ತಾಳೆ. ಆ ಕುಲದ ಅತಿ ಕಿರಿಯ ಸಂತಾನ ಈಗ ಆಕೆಯೇ. ಬಲಿಪೀಠದಲ್ಲಿ ಆಕೆ ಸತ್ತರೆ ಶಾಪ ಕೆಂಪು ಆಸ್ಥಾನವನ್ನೇ ಬೇರುಸಹಿತ ಸುಡುವುದು. ಇದನ್ನರಿತ ಸೂಸನ್ ಕೊರಳೊಡ್ಡುತ್ತಾಳೆ; ಪ್ರೀತಿಸಿದವನೇ ಕತ್ತಿಯೆತ್ತುತ್ತಾನೆ. ಮಗು ಬದುಕುತ್ತದೆ, ಒಂದು ಪಿಶಾಚಕುಲವೇ ಅಳಿಯುತ್ತದೆ. ಆದರೂ ಇದನ್ನು ವಿಜಯವೆಂದು ಕರೆಯಲು ನಾಲಗೆ ಹಿಂಜರಿಯುತ್ತದೆ.

ಇಷ್ಟಾದ ಮೇಲೂ ಲೇಖಕರು ಬಿಡಲಿಲ್ಲ. ಕೊನೆಯ ಪುಟಗಳಲ್ಲಿ, ದೋಣಿಯ ಮೇಲೆ ನಿಂತ ನಾಯಕನಿಗೆ ಎಲ್ಲಿಂದಲೋ ಗುಂಡು ತಗಲಿ ಆತ ನೀರಿಗುರುಳುತ್ತಾನೆ. ಹೊಡೆದವರಾರು, ಹೊಡೆಸಿದವರಾರು ಎಂದು ತಿಳಿಯಲು ಓದುಗರು 2011ರ ಜುಲೈ ತಿಂಗಳಲ್ಲಿ ‘ಘೋಸ್ಟ್ ಸ್ಟೋರಿ’ ಬರುವವರೆಗೆ ಕಾಯಬೇಕಾಯಿತು. ವಾರದ ಕಂತಿಗೇ ಚಡಪಡಿಸುವವರು ಆ ಹದಿನೈದು ತಿಂಗಳ ಯಾತನೆಯನ್ನು ಊಹಿಸಬಲ್ಲರು!

ಕುತೂಹಲಕ್ಕಾಗಿ ನಾಯಕನನ್ನು ಕೊಲ್ಲುವುದು ಸುಲಭದ ಉಪಾಯ. ‘ಚೇಂಜಸ್’ನ ಹಿರಿಮೆ ಅದರಲ್ಲಿಲ್ಲ. ಇಲ್ಲಿ ಕಳೆದುದು ಕಳೆದೇ ಹೋಯಿತು. 2020ರಲ್ಲಿ ಬಂದ 17ನೆಯ ಸಂಪುಟದವರೆಗೂ ಡ್ರೆಸ್ಡನ್ ಅಂದು ಮಾಡಿದ ಸಾಲವನ್ನು ತೀರಿಸುತ್ತಲೇ ಇದ್ದಾನೆ.

ಅಷ್ಟೆಲ್ಲ ತೆತ್ತು ಪಡೆದ ಮಗಳನ್ನೂ ಆತ ಬಳಿಯಲ್ಲಿಟ್ಟುಕೊಳ್ಳುವುದಿಲ್ಲ. ತನ್ನ ನೆರಳೇ ಅವಳಿಗೆ ಅಪಾಯವೆಂದು ತಿಳಿದು, ಸುರಕ್ಷಿತವಾದ ಮನೆಯೊಂದಕ್ಕೆ ಸೇರಿಸುವಂತೆ ಪಾದ್ರಿಯೊಬ್ಬರಿಗೆ ಒಪ್ಪಿಸುತ್ತಾನೆ. ತಂದೆ ಮಗಳು ಎದುರುಬದುರು ಕುಳಿತು ನಾಲ್ಕು ಮಾತನಾಡಿದ್ದು 2014ರಲ್ಲಿ, 15ನೆಯ ಸಂಪುಟವಾದ ‘ಸ್ಕಿನ್ ಗೇಮ್’ನಲ್ಲಿ. ಯುದ್ಧಗಳನ್ನೆಲ್ಲ ಮರೆತ ಓದುಗರಿಗೂ ಆ ನಾಲ್ಕು ಮಾತುಗಳು ನೆನಪಿರುತ್ತವೆ.