ಮರಿಯ ಕರುಳು ಮೊಟ್ಟೆಯೊಳಗೆ ಸುಮ್ಮನಿರುವುದಿಲ್ಲ

ಮೊಟ್ಟೆಯ ಹಳದಿಯೇ ಮುಂದೆ ಕೋಳಿಮರಿಯಾಗುತ್ತದೆ ಎಂದು ನಂಬಿದವರು ಬಹಳ ಮಂದಿ. ಮರಿಯ ಬಣ್ಣವೂ ಹಳದಿಯಾದ್ದರಿಂದ ನಂಬಿಕೆ ಗಟ್ಟಿಯಾಗಿ ಕೂತಿದೆ. ಆದರೆ ಮರಿ ಹುಟ್ಟುವುದು ಹಳದಿಯ ಮೇಲಿರುವ, 3–4 ಮಿಲಿಮೀಟರ್ ಅಗಲದ ಬೆಳ್ಳನೆಯ ಚುಕ್ಕೆಯಿಂದ. ಹಳದಿ ಅದರ ಆಹಾರ, ಅಷ್ಟೇ.

ಇನ್ನೊಂದು ತಪ್ಪು ಕಲ್ಪನೆಗೆ ಒಂದು ಕಾಲದಲ್ಲಿ ದೊಡ್ಡ ವಿದ್ವಾಂಸರ ಬೆಂಬಲವಿತ್ತು. ಪುಟಾಣಿ ಮರಿಯೊಂದು ಕರುಳು, ಹೃದಯ ಸಮೇತ ಮೊದಲೇ ತಯಾರಾಗಿರುತ್ತದೆ, ಕಾವು ಸಿಕ್ಕಾಗ ಬರೀ ಹಿಗ್ಗುತ್ತದೆ ಎಂದು 18ನೇ ಶತಮಾನದ ಯುರೋಪಿನಲ್ಲಿ ಹಲವರು ವಾದಿಸುತ್ತಿದ್ದರು. ಅದನ್ನು ಸುಳ್ಳೆಂದು ತೋರಿಸಿದ್ದು ಕೋಳಿಯ ಕರುಳೇ. ಕಾಸ್ಪರ್ ಫ್ರೀಡ್ರಿಶ್ ವೋಲ್ಫ್ 1768–69ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕರುಳು ಮೊದಲು ಚಪ್ಪಟೆ ಹಾಳೆಯಾಗಿದ್ದು, ಆಮೇಲೆ ಬಾಗಿ ದೋಣಿಯಾಗಿ, ಕೊನೆಗೆ ಅಂಚು ಕೂಡಿ ಕೊಳವೆಯಾಗುವುದನ್ನು ಹಂತಹಂತವಾಗಿ ವಿವರಿಸಿದ. ಕಾವಿಗಿಟ್ಟ ಒಂದು ದಿನ ದಾಟುವಷ್ಟರಲ್ಲಿ ತಲೆಯ ಬದಿಯಲ್ಲಿ ಈ ಮಡಿಕೆ ಶುರುವಾಗುತ್ತದೆ. ಬಾಲದ ಕಡೆಯದು ಆಮೇಲೆ. ನಡುಭಾಗ ಮಾತ್ರ ಹಳದಿಯ ಕಡೆಗೆ ತೆರೆದೇ ಇದ್ದು, ಕ್ರಮೇಣ ಸಣ್ಣ ನಾಳವಾಗಿ ಉಳಿಯುತ್ತದೆ.

ಹೊಟ್ಟೆಯೊಳಗೆ ಜಾಗ ಸಾಲದೆ ಕರುಳು ಸುರುಳಿ ಸುತ್ತಿಕೊಳ್ಳುತ್ತದೆ ಎಂಬ ವಿವರಣೆಯೂ ಸರಿಯಲ್ಲ. ಸುರುಳಿಗಳು ಮೂಡುವ ಹೊತ್ತಿಗೆ ಕರುಳಿನ ಬಹುಭಾಗ ಭ್ರೂಣದ ಹೊಟ್ಟೆಯ ಹೊರಗೆ, ಹೊಕ್ಕುಳಿನ ಕಾಂಡದಲ್ಲಿರುತ್ತದೆ. ಒಳಕ್ಕೆ ಸೇರುವುದು ಕಾವಿನ ಕೊನೆಯ ದಿನಗಳಲ್ಲಿ. ಹಾಗಾದರೆ ಸುತ್ತುವುದೇಕೆ? ಕರುಳನ್ನು ಬೆನ್ನಿಗೆ ಹಿಡಿದಿಟ್ಟ ತೆಳುಪೊರೆ ನಿಧಾನ ಬೆಳೆಯುತ್ತದೆ, ಕರುಳು ಬೇಗ ಬೆಳೆಯುತ್ತದೆ. ಪೊರೆ ಎಳೆದು ಹಿಡಿದಷ್ಟೂ ಕರುಳು ಮಡಚಿಕೊಳ್ಳುತ್ತದೆ. ಹಾರ್ವರ್ಡ್‌ನ ಕ್ಲಿಫ್ ಟಾಬಿನ್ ಮತ್ತು ಎಲ್. ಮಹಾದೇವನ್ ಅವರ ತಂಡ 2011ರಲ್ಲಿ ಇದನ್ನು ತೋರಿಸಿತು. ಪೊರೆಯನ್ನು ಕತ್ತರಿಸಿ ಬೇರ್ಪಡಿಸಿದರೆ ಸುತ್ತಿಕೊಂಡ ಕರುಳು ನೆಟ್ಟಗಾಗುತ್ತದೆ! ಇಂಥ ಸರಳ ಪರೀಕ್ಷೆ ಇಷ್ಟು ದೊಡ್ಡ ಉತ್ತರ ಕೊಡುವುದು ನನಗೆ ಬಲು ಇಷ್ಟ.

ಸಾಕಣೆದಾರರಿಗೆ ನಷ್ಟ ತರುವ ಕಲ್ಪನೆ ಬೇರೆಯೇ ಇದೆ: ಓಡು ಒಡೆದು ಬರುವವರೆಗೆ ಮರಿಯ ಕರುಳಿಗೆ ಕೆಲಸವಿಲ್ಲ, ಬಂದ ಮೇಲೂ ಹೊಟ್ಟೆಯಲ್ಲಿರುವ ಹಳದಿ ಎರಡು ಮೂರು ದಿನಕ್ಕೆ ಸಾಕು ಎಂಬುದು. ಆದರೆ 21 ದಿನಗಳ ಕಾವಿನಲ್ಲಿ ಸುಮಾರು 13ನೇ ದಿನದಿಂದ ಮೊಟ್ಟೆಯ ಬಿಳಿ ಭಾಗ ಭ್ರೂಣದ ಸುತ್ತಲಿನ ನೀರಿನ ಚೀಲಕ್ಕೆ ಇಳಿಯುತ್ತದೆ. ಮರಿ ಅದನ್ನು ಬಾಯಾರೆ ನುಂಗುತ್ತದೆ. ಅಂದರೆ ಮೊದಲ ಊಟ ಮೊಟ್ಟೆಯೊಳಗೇ ಆಗಿಹೋಗಿರುತ್ತದೆ. ಉಳಿದ ಹಳದಿ ಚೀಲ 19–20ನೇ ದಿನ ಹೊಕ್ಕುಳಿನ ಮೂಲಕ ಹೊಟ್ಟೆಯೊಳಗೆ ಸೇರುತ್ತದೆ, ನಿಜ. ಅದು ಮರಿಯ ಜೀವ ಹಿಡಿದಿಡುತ್ತದೆ. ಆದರೆ ಕರುಳು ಭರದಿಂದ ಬೆಳೆಯಬೇಕಾದದ್ದೂ ಓಡೊಡೆದು ಬಂದ ಆ ಮೊದಲ ದಿನಗಳಲ್ಲೇ, ಅದಕ್ಕೆ ಮೇವು ತಾಗಬೇಕು. ಬೇಗ ಮೇವು ತಿಂದ ಮರಿಗಳಲ್ಲಿ ಆ ಹಳದಿಯೂ ಬೇಗ ಕರಗುತ್ತದೆ.

ಹಾಗಾಗಿ ಬೆಲ್ಲದ ನೀರು ಕುಡಿಸಿ ಮೇವನ್ನು ನಾಳೆಗೆ ಬಿಡಬೇಡಿ. ಮರಿಗಳು ಬಂದಿಳಿದ ಕೂಡಲೇ ನೀರು, ಮೇವು ಎರಡೂ ಇರಲಿ. ಸಂಜೆ ಒಂದಷ್ಟು ಮರಿಗಳನ್ನು ಹಿಡಿದು ಕತ್ತಿನ ಬುಡದ ಮೇವಿನ ಚೀಲ ಮುಟ್ಟಿ ನೋಡಿ: ತುಂಬಿ ಮೆತ್ತಗಿದ್ದರೆ ಸರಿ, ಗಟ್ಟಿಯಾಗಿದ್ದರೆ ನೀರು ಸಿಕ್ಕಿಲ್ಲ, ಖಾಲಿಯಿದ್ದರೆ ಮೇವು ಸಿಕ್ಕಿಲ್ಲ.